ಎಂಟು ಗಲ್ಲಾ, ಇಬ್ಬರು

ಇನ್ವರ್‌ಕಾರ್ಗಿಲ್‌ನಲ್ಲಿ ಡಿಸೆಂಬರ್ ಅಂದರೆ ಬೇಸಿಗೆ.
ರಾತ್ರಿ ಒಂಬತ್ತೂವರೆಯಾದರೂ ಹೊತ್ತು ಮುಳುಗದು,
ಗಿರಾಕಿ ಕರಗದು.
ಗಾಜಿಗೆ ಡಬ್ಬಿಯಿಂದ ಚಿಮ್ಮಿಸಿದ ಹಿಮ
ಬಿಸಿಲಿಗೆ ಹಕ್ಕಳೆಯೆದ್ದು
ಕಜ್ಜಿ ಹಿಡಿದ ನಾಯಿಯ ಬೆನ್ನಿನಂತಿದೆ.
ಕೆರೆದು ಮತ್ತೆ ಹೊಡೆಯಬೇಕು.
ಯಾರು?

ಉಗ್ರಾಣದ ಗೋಡೆಗೆ ಪಾಳಿಯ ಪಟ್ಟಿ.
ಹೋದ ವರ್ಷ ಒಂಬತ್ತು ಹೆಸರು.
ಬಿಳಿ ಶಾಯಿ ಬಳಿದಲ್ಲೆಲ್ಲ ಕಾಗದ ಉಬ್ಬಿದೆ,
ಬೆರಳಾಡಿಸಿದರೆ ಹೇಳಬಲ್ಲೆ:
ಇಲ್ಲಿ ಮೊಯಿರಾ, ಮೊಣಕಾಲು ಹೋಯಿತು.
ಇಲ್ಲಿ ಕಹು, ಆಸ್ಟ್ರೇಲಿಯಾಕ್ಕೆ ಹಾರಿದ.
ಇಲ್ಲಿ ಯಾರೋ, ನನಗೂ ಮರೆತುಹೋಗಿದೆ.
ಆಕ್ಲೆಂಡಿನಿಂದ ಕಾಗದ ಬಂತು:
ಈ ಹಬ್ಬಕ್ಕೆ ನಮ್ಮದು ಹಗುರವಾದ ತಂಡ.
ಹಗುರವಂತೆ!
ಹೊತ್ತವರನ್ನು ಕೇಳಿ ಹೇಳಬೇಕಿತ್ತು ಆ ಮಾತು.

ನನಗೆ ಹೊಸ ಬಿಲ್ಲೆ ಮಾಡಿಸಲು ಪುರುಸೊತ್ತಿಲ್ಲ ಯಾರಿಗೂ.
ಹಾಗಾಗಿ ನನ್ನ ಎದೆಯ ಮೇಲೆ ಮೊಯಿರಾ.
ಮೊಯಿರಾ, ಟೇಪು ಎಲ್ಲಿ? ಮೊಯಿರಾ, ಇದರ ಜೋಡಿ ಇಲ್ಲವಾ?
ಮೊಯಿರಾ, ನೀನು ಬೆಳ್ಳಗಿದ್ದೆಯಲ್ಲ, ಎಂದು
ಕಣ್ಣು ಮಂಜಾದ ಒಬ್ಬಾತ.
ನಾನು ಸೆಫಿನಾ, ಅಪಿಯಾದವಳು.
ಅವನಿಗೆ ಒಂದು ರಶೀದಿ ಹರಿದುಕೊಟ್ಟೆ, ಅಷ್ಟೆ.

ಎಂಟು ಗಲ್ಲಾಗಳಲ್ಲಿ ಎರಡಕ್ಕೆ ದೀಪ.
ಉಳಿದ ಆರಕ್ಕೆ ಕೆಂಪು ಪಟ್ಟಿಯ ಸರಪಳಿ,
ಅದರ ಮೇಲೆ ಪುಟ್ಟ ಗಂಟುಗಳಲ್ಲಿ ಶುಭಾಶಯ.
ಸಾಲು ಈಜುಕೊಳದ ಡಬ್ಬಿಗಳ ತನಕ,
ಅಲ್ಲಿಂದ ತಿರುಗಿ ಇಕ್ಕಳ, ಇದ್ದಿಲು, ಮೇಣದಬತ್ತಿ,
ಬಾಗಿಲಾಚೆ ಬಿಸಿಲಲ್ಲಿ ಅದರ ಬಾಲ.
ಒಬ್ಬಳು ನನ್ನ ಮೂಗಿನ ಮುಂದೆಯೇ ನಿಂತು
ಮಾಡು ನೋಡಿ ಕೂಗಿದಳು:
ಇಲ್ಲಿ ಯಾರೂ ಇಲ್ಲವಾ?

ನಿಯಮ ಇದೆ. ಸಾಲಿನಲ್ಲಿ ಮೂವರು ಮೀರಿದರೆ
ಗಲ್ಲಾದ ಅಡಿಯ ಗುಂಡಿ ಒತ್ತಬೇಕು.
ಹಿಂದೆ ಉಗ್ರಾಣದಲ್ಲಿ ಗಂಟೆ ಬಾರಿಸುತ್ತದೆ,
ಅಲ್ಲಿದ್ದವರು ಓಡಿ ಬರಬೇಕು.
ಒತ್ತುತ್ತೇನೆ. ದೂರದಲ್ಲಿ ಟ್ರಿಣ್ ಅನ್ನುತ್ತದೆ,
ರಟ್ಟಿನ ಪೆಟ್ಟಿಗೆಗಳು ಕೇಳಿಸಿಕೊಳ್ಳುತ್ತವೆ.
ಈಗ ಬರ್ತಾರೆ, ಅನ್ನುತ್ತೇನೆ ನಗುನಗುತ್ತಾ.
ಎಷ್ಟು ಸಲ ಅಂದೆನೆಂದರೆ
ಕೆಲವೊಮ್ಮೆ ನಾನೂ ತಿರುಗಿ ನೋಡುತ್ತೇನೆ.

ಇಪ್ಪತ್ಮೂರನೇ ತಾರೀಕು, ಸಂಜೆ ಏಳು.
ಬೆವನ್ ಹೊರಗೆ ಗಾಡಿ ಒಟ್ಟುಮಾಡಲು ಹೋಗಿದ್ದ.
ನನ್ನ ಯಂತ್ರದ ಕಾಗದ ಮುಗಿಯಿತು.
ಸುರುಳಿ ತರಲು ಒಳಗೆ ಹೋದವಳು
ಕುಕ್ಕರಿಸಿಬಿಟ್ಟೆ ಒಂದು ಪೆಟ್ಟಿಗೆಯ ಮೇಲೆ.
ಒಳಗೆ ಗೊಂಬೆಗಳು, ಸೀಟು ಮೆತ್ತಗೆ ಅಳುಕಿತು.
ಪಾದ ಬೂಟಿನೊಳಗೆ ಬೇರೆ ಪ್ರಾಣಿಯ ಹಾಗೆ ಮಿಡಿಯುತ್ತಿತ್ತು.
ಹನ್ನೊಂದು ಉಸಿರು ಎಣಿಸಿದೆ.

ಆಗ ಗಂಟೆ ಬಾರಿಸಿತು.

ಇಷ್ಟು ಜೋರೆಂದು ಗೊತ್ತಿರಲಿಲ್ಲ ನನಗೆ.
ನೆತ್ತಿಯ ಮೇಲೇ ಇತ್ತು ಅದು,
ತುಕ್ಕು ಹಿಡಿದ ಬಟ್ಟಲು, ಅದಕ್ಕೊಂದು ಹುಚ್ಚು ಸುತ್ತಿಗೆ.
ಇಷ್ಟು ದಿನ ಯಾರನ್ನು ಹೀಗೆ ಬೈಯುತ್ತಿದ್ದೆ ನಾನು?
ಎದ್ದು ಓಡಿದೆ, ಸುರುಳಿ ಮರೆತು.

ಗಲ್ಲಾದ ಹಿಂದೆ ಐದು ವರ್ಷದ ಹುಡುಗಿ,
ಬೆರಳು ಇನ್ನೂ ಗುಂಡಿಯ ಮೇಲೆ.
ನನ್ನ ಕಂಡು ಬಾಯಿ ಬಿಟ್ಟಳು.
ಅಮ್ಮಾ, ಒತ್ತಿದರೆ ಬರ್ತಾರೆ!
ಸಾಲಿಗೆ ಸಾಲೇ ನಕ್ಕಿತು.
ನಾನೂ ನಕ್ಕೆ, ಕೂಲಿಯಲ್ಲಿ ಅದೂ ಸೇರಿದೆ.
ಅವಳು ಇನ್ನೊಮ್ಮೆ ಒತ್ತಿದಳು,
ಇನ್ನೊಬ್ಬರು ಬರಲಿ ಎಂದು.
ಬಾಗಿಲು ನೋಡಿದಳು.
ನೋಡುತ್ತಲೇ ಇದ್ದಳು.

ಹತ್ತಕ್ಕೆ ಕದ ಹಾಕಿದೆವು. ಚಿಲ್ಲರೆ ಎಣಿಸಿದಾಗ
ನಲವತ್ತು ಸೆಂಟು ಕಡಿಮೆ; ನಾನೇ ಹಾಕಿದೆ.
ಹಿಂದೆ ಬೆವನ್, ಹತ್ತೊಂಬತ್ತರ ಪೋರ,
ಪಟ್ಟಿಯ ಮುಂದೆ ನಿಂತು ಗಂಭೀರವಾಗಿ ಬರೆಯುತ್ತಿದ್ದಾನೆ:
ಬೆವನ್. ಬೆವನ್. ಬೆವನ್. ಬೆವನ್.
ನಾಳೆ ನಾವು ಬಹಳ ಜನ ಇರ್ತೀವಿ, ಅಂದ.
ಒಂದು ಜಾಗ ಬಿಟ್ಟಿದ್ದ, ಆ ಮರೆತುಹೋದವರದು.
ಪೆನ್ನು ಕಸಿದು ಸೆಫಿನಾ ಎಂದು ಗೀಚಿದೆ.
ಬಿಳಿ ಶಾಯಿಯ ಮೇಲೆ ಸರಿಯಾಗಿ ಹಿಡಿಯಲಿಲ್ಲ ಅದು,
ಸೆ ಮತ್ತು ನಾ ಉಳಿದವು.

ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು.
ಹಿಮ ನಾಳೆ ಕೆರೆದರಾಯಿತು.